ಗಾಳಿ ಬಿಡಿಸಿದ ಮಧ್ಯಾಹ್ನ

ಕೆಂಪರಾಜು ನಮ್ಮ ಪಕ್ಕದ ಮನೆಯವನು. ಎರಡೂ ಮನೆಗಳ ಅಂಗಳದ ನಡುವೆ ಎದೆಮಟ್ಟದ ಒಂದೇ ಗೋಡೆ. ವೈದ್ಯನಾಥಪುರದಿಂದ ಮುಂದೆ, ಶಿಂಷಾ ಹೊಳೆಗೆ ಹತ್ತಿರದ ಊರು ನಮ್ಮದು. ಬೆಳಿಗ್ಗೆ ನಾನು ಅಂಗನವಾಡಿಗೆ ಹೊರಡುವ ಹೊತ್ತಿಗೆ ಅವನು ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ. "ಮೀನಾಕ್ಸಕ್ಕ, ನಿನ್ ಮಕ್ಳಿಗಿಂತ ನನ್ ರೇಸ್ಮೆ ಉಳಾನೇ ವಾಸಿ. ಉಪ್ಪಿಟ್ಟು ಬ್ಯಾಡ ಅಂತ ಅಳಾಕಿಲ್ಲ" ಎಂದು ನಗುತ್ತಿದ್ದ. ಹೆಂಡತಿ ಭಾಗ್ಯಲಕ್ಷ್ಮಿ ಹುಳುವಿನ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಳು. ತಾಯಿ ಚಿಕ್ಕಬೋರಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಇಬ್ಬರನ್ನೂ ಬೈಯುತ್ತಿದ್ದಳು. ಬೈಗುಳದಲ್ಲೂ ಪ್ರೀತಿಯಿದ್ದ ಮನೆ ಅದು.

ಹೋದ ವರ್ಷ ಕಾರ್ತಿಕ ಕಳೆದ ಮೇಲೆ ಆ ನಗು ನಿಂತಿತು. ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ಜಗಳವಾಗಿರಲಿಲ್ಲ. ಮೊದಲು ಅವನು ಊಟ ಬಿಟ್ಟ. ಆಮೇಲೆ ನಿದ್ದೆಯೇ ಅವನನ್ನು ಬಿಟ್ಟಿತು. ಹಸಿದ ಹುಳುಗಳು ಮೇವಿಗಾಗಿ ತಲೆಯೆತ್ತಿ ತಡಕಾಡುತ್ತಿದ್ದರೆ, ಅವನು ಕುಡುಗೋಲು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತೇ ಇರುತ್ತಿದ್ದ. ಭಾಗ್ಯ ಒಬ್ಬಳೇ ಎಷ್ಟೆಂದು ಸೊಪ್ಪು ಕೊಯ್ದಾಳು? ಅರ್ಧ ಹುಳು ಸತ್ತವು.

"ಏನಾಗದೆ ಕೆಂಪರಾಜು?" ಎಂದು ಕೇಳಿದೆ.

"ಗೊತ್ತಿಲ್ಲ ಕಣಕ್ಕ. ಒಳ್ಗೆ ಏನೂ ಇಲ್ಲ. ಅಳಾನಾ ಅಂದ್ರೆ ಅಳೂನೂ ಬರಾಕಿಲ್ಲ."

ಆ ದಿನವೇ ಚಿಕ್ಕಬೋರಮ್ಮನ ಹತ್ತಿರ ಕೂತು ಹೇಳಿದೆ. "ಇದು ಮನಸ್ಸಿನ ಕಾಯಿಲೆ ಚಿಕ್ಕಬೋರಕ್ಕ. ಖಿನ್ನತೆ ಅಂತಾರೆ. ನೀನು ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಲ್ವಾ? ಇದಕ್ಕೂ ಔಷಧಿ ಅದೆ. ಮಂಡ್ಯಕ್ಕೆ ಕರ್ಕೊಂಡು ಹೋಗಣ."

"ಬುಡ್ತು ಅನ್ನು ಮೀನಾಕ್ಸಿ! ನನ್ ಮಗ ಉಚ್ಚನಾ? ಊರ್ನೋರಿಗೆ ಗೊತ್ತಾದ್ರೆ ನನ್ ಮೊಮ್ಮಗಳ್ನ ಯಾರು ಮದ್ವೆ ಆದಾರು? ಅವೊತ್ತು ಒಳೆ ತಾವಿಂದ ಒಬ್ನೇ ಬಂದ. ಗಾಳಿ ಮೆಟ್ಕಂಡದೆ, ಅಷ್ಟೆಯ."

ಮೊಮ್ಮಗಳೆಂದರೆ ದೊಡ್ಡ ಮಗ ಪುಟ್ಟಸ್ವಾಮಿಯ ಮಗಳು. ಅವಳಿಗೆ ಗಂಡು ನೋಡುತ್ತಿದ್ದರು. ಬೇರೆಯವರ ಮನೆ ವಿಚಾರ, ಇನ್ನೆಷ್ಟು ಬಾಯಿ ಹಾಕುವುದು ಎಂದು ನಾನು ಎದ್ದು ಬಂದೆ. ಅದಕ್ಕಾಗಿ ಇಂದಿಗೂ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಮಳವಳ್ಳಿ ಕಡೆಯಿಂದ ಕೆಂಪಸಿದ್ದಯ್ಯ ಬಂದ. ಗಾಳಿ ಬಿಡಿಸುವುದೇ ಅವನ ಕಸುಬು. ಕೆಂಪರಾಜುವನ್ನು ಹಟ್ಟಿಯಂಗಳದ ಕಂಬಕ್ಕೆ ಕಟ್ಟಿದರು. ಕೆಂಡದ ಮೇಲೆ ಒಣಮೆಣಸಿನಕಾಯಿ ಸುರಿದು ಹೊಗೆಗೆ ಅವನ ಮುಖ ಒತ್ತಿದರು. ಕೆಮ್ಮಿ ಕೆಮ್ಮಿ ಕಣ್ಣುಗುಡ್ಡೆ ಕೆಂಪಾಯಿತು. ಕಾಲು ಒದರಿದಾಗ ಚಿಕ್ಕಬೋರಮ್ಮ ಎರಡೂ ಕಾಲನ್ನು ತಬ್ಬಿ ಹಿಡಿದಳು. "ಒಸಿ ತಡ್ಕೊ ಮಗ, ಒಸಿ ತಡ್ಕೊ" ಎಂದು ಅಳುತ್ತಲೇ ಹಿಡಿದಳು.

"ಯಾರ್ಲಾ ನೀನು? ಎಸ್ರು ಏಳು!" ಎಂದು ಕೆಂಪಸಿದ್ದಯ್ಯ ಹುಣಸೆ ಬರಲಿನ ಕೋಲು ಬೀಸಿದ.

"ಕೆಂಪರಾಜು."

ಬರಲು ಬೆನ್ನ ಮೇಲೆ ಬಿತ್ತು. "ಸುಳ್ಳು! ನಿಜ ಏಳು!"

"ಕೆಂಪರಾಜು ಕಣಪ್ಪೋ!"

ತನ್ನ ಹೆಸರು ಹೇಳಿದಷ್ಟು ಸಲವೂ ಅವನಿಗೆ ಏಟು ಬಿತ್ತು. ಅಂಗಿ ಹರಿದು ರಕ್ತಕ್ಕೆ ಅಂಟಿಕೊಂಡಿತು. ಒಂದು ಬರಲು ಮುರಿಯಿತು, ಪುಟ್ಟಸ್ವಾಮಿ ಇನ್ನೊಂದು ಕೊಟ್ಟ. ಕೊನೆಗೆ ಕೆಂಪಸಿದ್ದಯ್ಯ ಅದನ್ನು ಭಾಗ್ಯಳ ಕೈಗಿಟ್ಟು, "ಎಂಡ್ತಿ ಕೈಲಿ ಮೂರೇಟು ಬೀಳ್ಬೇಕು. ಇಲ್ದಿದ್ರೆ ಈವತ್ತೇ ಜೀವ ತಗತದೆ" ಎಂದ. ಅವಳು ಹೊಡೆದಳು. ಮೂರೂ ಹೊಡೆದಳು. ಮೂರನೆಯ ಏಟಿಗೆ ಕೆಂಪರಾಜು, ಎಂದೋ ಹೊಳೆಯಲ್ಲಿ ಮುಳುಗಿ ಸತ್ತ ಯಾರದೋ ಹೆಸರು ಕೂಗಿದ. ಏಟು ನಿಂತಿತು. ಗಾಳಿ ಬಾಯಿಬಿಟ್ಟಿತೆಂದು ನೆರೆದವರೆಲ್ಲ ಕೈ ಮುಗಿದರು. ಒಬ್ಬ ಮನುಷ್ಯ ನೋವು ತಾಳಲಾರದೆ ತಾನು ತಾನಲ್ಲವೆಂದು ಒಪ್ಪಿಕೊಂಡಿದ್ದ. ಗೋಡೆಯಾಚೆಯಿಂದ ನಾನು ಅದನ್ನು ನೋಡುತ್ತಾ ನಿಂತಿದ್ದೆ.

ಅದಾದ ಆರನೇ ದಿನ ಬೆಳಕು ಹರಿಯುವಾಗ ಅವನು ಹೊಳೆಯ ಕಡೆ ನಡೆದ. ಭಾಗ್ಯ ಹಿಂದೆಯೇ ಓಡಿ, ಮೊಣಕಾಲುದ್ದ ನೀರಿನಲ್ಲಿ ಅವನ ಸೊಂಟ ತಬ್ಬಿಕೊಂಡಳು.

"ನನ್ ಬುಟ್ಬುಡು ಭಾಗ್ಯ, ಸಾಕಾಗೋಗದೆ."

"ಬುಡಾಕಿಲ್ಲ. ಒಡ್ದ ಕೈ ಇದು. ಇದ್ರಲ್ಲೇ ಇಡ್ಕತೀನಿ."

ಪುಟ್ಟಸ್ವಾಮಿಗೆ ಇದು ತಿಳಿಯಿತು. "ಗಾಳಿ ಪೂರಾ ಓಗಿಲ್ಲ, ಅದ್ಕೇ ಒಳೆಗೆ ಎಳೀತದೆ" ಎಂದು ಅಂದೇ ಮಧ್ಯಾಹ್ನ ಕೆಂಪಸಿದ್ದಯ್ಯನನ್ನು ಮತ್ತೆ ಕರೆತಂದ. ಮಾಗದ ಗಾಯದ ಮೇಲೆಯೇ ಹಗ್ಗ ಬಿಗಿದರು. ಬರಲನ್ನು ಭಾಗ್ಯಳ ಕೈಗೆ ಕೊಟ್ಟರು. ಅವಳು ಅದನ್ನು ಮೊಣಕಾಲಿಗೆ ಕೊಟ್ಟು ಮುರಿದು ಕೆಂಡಕ್ಕೆ ಹಾಕಿದಳು.

"ಒಡ್ಯಾಕಿಲ್ಲ ಬಾವ. ನೀವೂ ಒಡ್ಯಂಗಿಲ್ಲ."

"ಗಂಡನ್ನ ನುಂಗೋಕೆ ನಿಂತವ್ಳೆ, ಎಳೀರ್ಲಾ ಅವಳ್ನ!" ಪುಟ್ಟಸ್ವಾಮಿ ಸೌದೆ ರಾಶಿಯಿಂದ ಒಂದು ಕೊರಡು ಕಿತ್ತುಕೊಂಡು ತಮ್ಮನ ಕಡೆ ಬೀಸಿದ. ಭಾಗ್ಯ ಅಡ್ಡ ಬಂದಳು. ಅವಳ ಮುಂಗೈ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅವಳು ಕೂಗಿಕೊಂಡಳು, ಆದರೆ ಕಂಬ ಬಿಟ್ಟು ಕದಲಲಿಲ್ಲ. ಎರಡನೆಯ ಏಟು ಕೆಂಪರಾಜುವಿನ ಭುಜಕ್ಕೆ ಬಿತ್ತು.

ನಾನು ಗೋಡೆ ಹತ್ತಿ ಆಚೆ ಧುಮುಕಿದೆ. ನನಗೆ ಐವತ್ತೆರಡು ವರ್ಷ. ಹೇಗೆ ಧುಮುಕಿದೆನೋ ತಿಳಿಯದು. ಭಾಗ್ಯಳ ಪಕ್ಕ ನಿಂತು, "ಹೊಡಿ ಪುಟ್ಟಸ್ವಾಮಿ, ನನಗೂ ಗಾಳಿ ಮೆಟ್ಕಂಡದೆ!" ಎಂದು ಅರಚಿದೆ. ಎತ್ತಿದ ಅವನ ಕೈ ಅಲ್ಲೇ ನಿಂತಿತು. ಅಷ್ಟರಲ್ಲಿ ಕೆಂಪಸಿದ್ದಯ್ಯ ಚೀಲ ಎತ್ತಿಕೊಂಡು ಹೊರಟಿದ್ದ.

ಎದುರು ಮನೆಯ ನಾಗರಾಜು ಹಗ್ಗ ಬಿಚ್ಚಿ, ತನ್ನ ಆಟೋದಲ್ಲಿ ಇಬ್ಬರನ್ನೂ ಮಂಡ್ಯದ ಆಸ್ಪತ್ರೆಗೆ ಮುಟ್ಟಿಸಿದ. ಚಿಕ್ಕಬೋರಮ್ಮನೂ ಹತ್ತಿದಳು. ಡಾಕ್ಟರಮ್ಮ ಹಗ್ಗಕ್ಕೆ ಮತ್ತೆ ಬಿರಿದ ಗಾಯಕ್ಕೆ ಒಣಗಿ ಅಂಟಿದ್ದ ಅಂಗಿಯನ್ನು ನೀರು ಹಾಕಿ ಹಾಕಿ ಬಿಡಿಸುವಾಗ, ಆ ತಾಯಿ ಮಗನ ಬೆನ್ನನ್ನು ಮೊದಲ ಸಲ ಹತ್ತಿರದಿಂದ ನೋಡಿದಳು. ಮನೋವೈದ್ಯರು ಬಂದು ಕೆಂಪರಾಜುವಿನ ಜೊತೆ ಒಂದು ಗಂಟೆ ಕೂತರು. ಹೊರಗೆ ಬಂದು, "ಇದು ವಾಸಿಯಾಗೋ ಕಾಯಿಲೆ. ಆದ್ರೆ ಇವರನ್ನ ಒಂಟಿ ಬಿಡಬೇಡಿ, ಬೈದು ಧೈರ್ಯ ಹೇಳಬೇಡಿ. ಜೊತೇಲಿರಿ" ಎಂದರು.

ಜೊತೆಯಲ್ಲಿದ್ದೆವು. ಕೈಗೆ ಪಟ್ಟಿ ಕಟ್ಟಿಕೊಂಡ ಭಾಗ್ಯ ಮಾತ್ರೆಯ ಹೊತ್ತು ತಪ್ಪಿಸಲಿಲ್ಲ. ನಾಗರಾಜು ದಿನಾ ಬೆಳಿಗ್ಗೆ ಅವರ ತೋಟದಲ್ಲಿ ಸೊಪ್ಪು ಕೊಯ್ದ. ಕೆಂಪರಾಜುವೂ ಬಂದು ಬದುವಿನ ಮೇಲೆ ಕೂರುತ್ತಿದ್ದ. ಸಂಜೆ ನಾನು ಹೋಗಿ ಅಂಗನವಾಡಿಯ ಸುದ್ದಿ ಹೇಳುತ್ತಿದ್ದೆ. ಎಷ್ಟೋ ದಿನ ಅವನು ಮುಖ ತಿರುಗಿಸಿ ಮಲಗಿದ್ದ. ಎರಡು ತಿಂಗಳ ಮೇಲೆ ಒಂದು ದಿನ, "ಅಕ್ಕ, ಉಪ್ಸಾರು ತಿನ್ಬೇಕು ಅನ್ಸ್ತದೆ" ಎಂದ. ಅವನು, ಭಾಗ್ಯ, ನಾನು ಮೂವರೂ ಅತ್ತೆವು.

ಆಸ್ಪತ್ರೆಯವರು ಸೇರಿಸಿದ ದಿನವೇ ಪೊಲೀಸರಿಗೆ ತಿಳಿಸಿದ್ದರು. ಗಾಳಿ ಬಿಡಿಸುವ ನೆಪದಲ್ಲಿ ಹೊಡೆಯುವುದು ನಮ್ಮ ರಾಜ್ಯದಲ್ಲಿ ಅಪರಾಧ. ಕೆಂಪರಾಜು ಒಂದಿಷ್ಟು ಚೇತರಿಸಿಕೊಂಡ ಮೇಲೆ ಎಲ್ಲರನ್ನೂ ಠಾಣೆಗೆ ಕರೆಸಿದರು. ದಾರಿಯುದ್ದಕ್ಕೂ ಪುಟ್ಟಸ್ವಾಮಿ ತಾಯಿಗೆ ಹೇಳಿಕೊಟ್ಟ. "ಅಟ್ಟದಿಂದ ಬಿದ್ದ ಅನ್ನವ್ವ. ಮನೆ ಮರ್ವಾದೆ ಕಣವ್ವ."

ಸಬ್ ಇನ್ಸ್‌ಪೆಕ್ಟರು ಮೊದಲು ಚಿಕ್ಕಬೋರಮ್ಮನನ್ನೇ ಕೇಳಿದರು. "ಏನಮ್ಮ, ನಿಮ್ಮ ಮಗ ಬಿದ್ದಿದ್ದಾ?"

ಅವಳು ಬಾಯಿಗೆ ಒತ್ತಿಕೊಂಡಿದ್ದ ಸೆರಗನ್ನು ತೆಗೆದಳು.

"ಬಿದ್ದಿಲ್ಲ ಸ್ವಾಮಿ. ನಾವೇ ಒಡ್ಸುದ್ವು. ಆ ಕೆಂಪಸಿದ್ದಯ್ಯನ ಎಸ್ರು ಬರ್ಕಳಿ, ಈ ನನ್ ದೊಡ್ ಮಗನ ಎಸ್ರು ಬರ್ಕಳಿ. ಕಾಲು ಇಡ್ಕಂಡಿದ್ದೋಳು ನಾನು. ನನ್ನ ಎಸ್ರೂ ಬರ್ಕಳಿ."

ಪುಟ್ಟಸ್ವಾಮಿ ಎದ್ದು ಬಾಗಿಲ ಬಳಿ ನಿಂತ. ಕೆಂಪರಾಜು ತನ್ನ ಕುರ್ಚಿ ಎಳೆದುಕೊಂಡು ಹೋಗಿ ತಾಯಿಯ ಪಕ್ಕದಲ್ಲಿ ಕೂತ.