ಫೈನ್ ಬಿದ್ದ ಸೀರೆ

ಮಂಜವ್ವ ನೇಯ್ದ ಸೀರೆಗೆ, ನೇಯ್ಗೆ ಪರೀಕ್ಷಿಸಲು ಬಂದಿದ್ದ ಸಾಹೇಬರು ಒಂದು ಚೀಟಿ ಚುಚ್ಚಿ ಹೋಗಿದ್ದರು. ಅದರ ಮೇಲೆ ಇಂಗ್ಲಿಷಿನಲ್ಲಿ ಒಂದೇ ಶಬ್ದ. ಕನ್ನಡ ನಾಡು ಒಂದಾಗಿ ವಾರವೂ ಆಗಿರಲಿಲ್ಲ. ಆ ಸಂಭ್ರಮಕ್ಕೆಂದೇ ಗದಗಿನಲ್ಲಿ ಕೈಮಗ್ಗದ ಪ್ರದರ್ಶನ ಇಟ್ಟಿದ್ದರು.

ನೋಡಲು ಬಂದಿದ್ದ ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿ ವಿರೂಪಾಕ್ಷಪ್ಪ ಚೀಟಿ ಓದಿ ನಾಲಿಗೆ ಕಚ್ಚಿಕೊಂಡ. "ಫೈನ್ ಅಂತ ಬರದಾರ. ಫೈನ್ ಅಂದ್ರ ದಂಡ, ತಂಗಿ. ತೂಕದ ಕಲ್ಲಿನ ಸಲುವಾಗಿ ನನಗ ಎರಡ ಸಲ ಬಿದ್ದೈತಿ." ಆ ಮನುಷ್ಯನಿಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟೇ, ಅದೂ ದಂಡ ತೆತ್ತು ಕಲಿತದ್ದು.

ಮಂಜವ್ವ ಚೀಟಿಯನ್ನು ತಿರುವಿ ತಿರುವಿ ನೋಡಿದಳು. ಗಂಡ ತೀರಿಕೊಂಡ ಮೇಲೆ ಬೆಟಗೇರಿಯ ಮನೆಯ ಮಗ್ಗಕ್ಕೆ ಅವಳೇ ಕುಳಿತಿದ್ದಳು. ಹೆಂಗಸಾದವಳು ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡಬೇಕು, ಅವಳ ಕೈಗೆ ಮಗ್ಗ ಒಗ್ಗೀತೇ ಎಂದು ಮೂಗು ಮುರಿದಿದ್ದ ಭಾವ ಉಡಚಪ್ಪ, ಈ ಸೀರೆಯಲ್ಲಿ ಒಂದು ಕೊರತೆ ಕಂಡರೂ ಮಗ್ಗ ತನಗೆ ಬಿಡಬೇಕೆಂದು ಹತ್ತು ಜನರೆದುರು ಅವಳಿಂದ ಮಾತು ತೆಗೆದುಕೊಂಡಿದ್ದ. ಈಗ ಪಕ್ಕದಲ್ಲೇ ನಿಂತಿದ್ದವನು, "ಆತಲ್ಲ? ನಡಿ ಮನಿಗೆ," ಎಂದ.

ಬೇರೆಯವಳಾಗಿದ್ದರೆ ಅಲ್ಲೇ ಅತ್ತು ಮುಗಿಸುತ್ತಿದ್ದಳು. ಮಂಜವ್ವ ಸೀರೆಯನ್ನು ಅದು ತೂಗುತ್ತಿದ್ದ ಗಳದಿಂದ ಎಳೆದುಕೊಂಡು ನೆಟ್ಟಗೆ ಹೋಗಿ ಸಾಹೇಬರ ಮೇಜಿನ ಮೇಲೆ ಹರವಿದಳು.

"ಎಲ್ಲಿ ತಪ್ಪೈತಿ ತೋರಸ್ರಿ. ಒಂದ ಎಳಿ ಸಡಿಲಿದ್ರ, ಒಂದ ಎಳಿ ಕಡದಿದ್ರ, ದಂಡಾನೂ ಕಟ್ಟತೀನಿ, ಮಗ್ಗಾನೂ ಬಿಡತೀನಿ."

ಸಾಹೇಬರು ತಬ್ಬಿಬ್ಬಾದರು. "ದಂಡ ಯಾರು ಹಾಕಿದರವ್ವ?"

"ನೀವ ಬರದೀರಲ್ಲರಿ!"

ಚೀಟಿ ನೋಡಿ ಅವರು ಹೊಟ್ಟೆ ಹಿಡಿದು ನಕ್ಕರು. ಫೈನ್ ಅಂದರೆ ದಂಡವೂ ಹೌದು, ಚೆಂದವೂ ಹೌದು, ನವುರಾದ ನೂಲಿಗೂ ಅದನ್ನೇ ಅನ್ನುತ್ತಾರೆ. ತಾವು ಮೆಚ್ಚಿಯೇ ಬರೆದದ್ದೆಂದು ಬಿಡಿಸಿ ಹೇಳಿದರು.

ಸುತ್ತ ನಿಂತವರೂ ನಕ್ಕರು. ಮಂಜವ್ವ ನಗಲಿಲ್ಲ, ಅವಳಿಗೆ ಸಿಟ್ಟು ನೆತ್ತಿಗೇರಿತ್ತು. "ಹೊಗಳಾಕೂ ಅದ ಮಾತು, ಬಡಿಯಾಕೂ ಅದ ಮಾತು ಅಂದ್ರ ನಮ್ಮಂಥಾರು ಏನಂತ ತಿಳಕೋಬೇಕ್ರಿ? ಕನ್ನಡ ನಾಡ ಒಂದಾತು ಅಂತ ಹೊರಗ ಬಾಜಾ ಬಾರಸಾಕ ಹತ್ತೀರಿ. ಈ ಚೀಟೀನೂ ಕನ್ನಡದಾಗ ಬರೀರಿ."

ಸಾಹೇಬರ ನಗು ನಿಂತಿತು. ಹೊಸ ಚೀಟಿ ತೆಗೆದು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರು. ಮಂಜವ್ವ ಅಕ್ಷರ ಕೂಡಿಸಿ ಕೂಡಿಸಿ, ಬಾಗಿಲಾಚೆಗೂ ಕೇಳುವಂತೆ ಓದಿದಳು: "ಈ ನೇಯ್ಗೆಯಲ್ಲಿ ತಪ್ಪಿಲ್ಲ. ಬಹಳ ಚೆಂದ." ಹಿಗ್ಗಿಗೆ ಅವಳ ಕಣ್ಣು ತುಂಬಿ ಬಂತು.

ಉಡಚಪ್ಪ ಮೆಲ್ಲಗೆ ಬಾಗಿಲ ಕಡೆಗೆ ಸರಿಯುತ್ತಿದ್ದ.

"ಭಾವಾರ," ಎಂದಳು, "ನಾಳಿ ಮುಂಜಾನಿ ಜಲ್ದಿ ಎದ್ದು ಲಾಳಿಗೆ ಕಂಡಿಕಿ ಸುತ್ತಿ ಇಡ್ರಿ. ನಾ ಮಗ್ಗಕ್ಕ ಕುಂಡ್ರತೀನಿ."