ಹಿಡಿಕೆಯ ನಿವೃತ್ತಿ

"ಈ ಮೂಲಕ ಸಮಸ್ತ ನೌಕರರಿಗೆ ತಿಳಿಯಪಡಿಸುವುದೇನೆಂದರೆ, ಮೂರನೇ ನಂಬರಿನ ಪೈಪ್ ಬಗ್ಗಿಸುವ ಯಂತ್ರದ ಹಿಡಿಕೆಯು ಇಪ್ಪತ್ತಾರು ವರ್ಷಗಳ ಕಳಂಕರಹಿತ ಸೇವೆಯ ನಂತರ ಇಂದು ಮಧ್ಯಾಹ್ನ ಹನ್ನೆರಡಕ್ಕೆ ನಿವೃತ್ತಿ ಹೊಂದಲಿದೆ. ಇನ್ನು ಮುಂದೆ ಸದರಿ ಯಂತ್ರವು ಹೈಡ್ರಾಲಿಕ್ ಶಕ್ತಿಯಿಂದ ನಡೆಯುವುದು. ಎಲ್ಲರೂ ಬರತಕ್ಕದ್ದು."

ನೋಟಿಸ್ ಬರೆದವನು ಗುಮಾಸ್ತ, ಬರೆಸಿದವನು ಬಗ್ಗಣ್ಣ.

"ಕಳಂಕರಹಿತ ಅಂತ ಹಾಕ್ಲೇಬೇಕಾ?" ಎಂದು ಗುಮಾಸ್ತ ಕೇಳಿದ್ದ.

"ಹಾಕಿ ಸಾರ್. ಎರಡು ಸಲ ನನ್ನ ಮೊಣಕಾಲಿಗೆ ಹೊಡ್ದಿದೆ, ಅದೊಂದು ಬಿಟ್ಬಿಡಿ."

ಬಗ್ಗಣ್ಣನ ನಿಜವಾದ ಹೆಸರು ಆ ಕುರ್ಚಿ ಕಾರ್ಖಾನೆಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಅಚ್ಚಿಗೆ ಪೈಪು ಸಿಕ್ಕಿಸಿ, ನಾಲ್ಕಡಿ ಉದ್ದದ ಪೈಪಿನ ಹಿಡಿಕೆ ಹಿಡಿದು, ಅರ್ಧ ವೃತ್ತ ತಿರುಗುತ್ತ ಎಳೆಯುವುದು ಅವನ ಕೆಲಸ. ಮೊದಲು ಅವನು ಬಗ್ಗುತ್ತಿದ್ದ, ಆಮೇಲೆ ಪೈಪು ಬಗ್ಗುತ್ತಿತ್ತು. ದಿನಕ್ಕೆ ಅರವತ್ತು ಕುರ್ಚಿ. ಊರಿನ ಎಷ್ಟೋ ಆಫೀಸುಗಳನ್ನು ಕೂರಿಸಿದ ಈ ಮನುಷ್ಯ ಕೆಲಸದ ಹೊತ್ತಿನಲ್ಲಿ ತಾನು ಮಾತ್ರ ಒಮ್ಮೆಯೂ ಕೂತವನಲ್ಲ.

ಹೋದ ವರ್ಷ ಬಲಭುಜ ಕೈಕೊಟ್ಟಿತು. ಅಂಗಿ ತೊಡಿಸಲು ಹೆಂಡತಿ ಬರಬೇಕಾಯಿತು. "ಕೈ ಎತ್ತು ಅಂದ್ರೆ ಹುಬ್ಬು ಎತ್ತೀಯಲ್ಲ," ಎಂದು ಅವಳು ತೋಳು ತೂರಿಸುತ್ತಿದ್ದಳು. ಅರವತ್ತು ಕುರ್ಚಿ ಮೂವತ್ತೈದಾದಾಗ ಯಜಮಾನರು ಕರೆಸಿದರು. "ಈ ತಿಂಗಳ ಕೊನೆಗೆ ಮತ್ತೆ ಅರವತ್ತಕ್ಕೆ ಬಾ. ಆಗ್ಲಿಲ್ಲ ಅಂದ್ರೆ ನೋಡೋಣ." ಯಜಮಾನರು ನೋಡೋಣ ಎಂದವರನ್ನು ಆಮೇಲೆ ಕಾರ್ಖಾನೆಯಲ್ಲಿ ಯಾರೂ ನೋಡಿದ್ದಿಲ್ಲ.

ಬಗ್ಗಣ್ಣ ಗುಜರಿಯಿಂದ ಹಳೆಯ ಲೋಡರಿನ ಸಿಲಿಂಡರು, ಪಂಪು ತಂದ. ಊಟದ ಬಿಡುವಿನಲ್ಲಿ ವೆಲ್ಡರ್ ಅವನ ಜೊತೆಗೆ ನಿಂತು, ಅವನ್ನು ಕೂರಿಸಲು ಬ್ರಾಕೆಟ್ ಬೆಸೆದುಕೊಟ್ಟ. ಮೊದಲ ದಿನ ಎಣ್ಣೆಯ ಒತ್ತಡಕ್ಕೆ ಪೈಪು ಬಗ್ಗುವ ಬದಲು ಅಪ್ಪಚ್ಚಿಯಾಯಿತು.

"ಕುರ್ಚಿ ಬೇಡ ಅಣ್ಣ, ಇಸ್ತ್ರಿ ಅಂಗಡಿ ಇಡೋಣ," ಎಂದ ವೆಲ್ಡರ್.

ಎಣ್ಣೆ ನಿಧಾನವಾಗಿ ಹರಿಯಲೆಂದು ಬಗ್ಗಣ್ಣ ಒಂದು ವಾಲ್ವು ಕೂರಿಸಿದ. ಪೈಪು ನುಣ್ಣಗೆ ಬಗ್ಗಿತು, ಆದರೆ ತೊಂಬತ್ತು ಡಿಗ್ರಿಗೆ ನಿಲ್ಲಿಸಿ ಬಿಟ್ಟರೆ ಎಂಬತ್ತೇಳಕ್ಕೆ ಹಿಂದೆ ಸರಿಯುತ್ತಿತ್ತು. ಬಿಟ್ಟೊಡನೆ ಉಕ್ಕು ಅಷ್ಟು ಸಡಿಲಿಸಿಕೊಳ್ಳುತ್ತದೆ. ಕೈಯಲ್ಲಿ ಎಳೆಯುವಾಗ ಆ ಮೂರು ಡಿಗ್ರಿಯನ್ನು ಅವನ ಸೊಂಟವೇ ಲೆಕ್ಕ ಹಾಕುತ್ತಿತ್ತು. ಯಂತ್ರಕ್ಕೆ ಸೊಂಟವಿಲ್ಲ. ಕೊನೆಗೆ ಅಚ್ಚಿನ ಸುತ್ತ ಕೋನ ತೋರಿಸುವ ಡಿಗ್ರಿ ಬಳೆಯ ಮೇಲೆ ತೊಂಬತ್ತಮೂರರ ಹತ್ತಿರ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದ. ಎಲ್ಲ ಸರಿಹೋಯಿತು.

ನಿವೃತ್ತಿ ಸಮಾರಂಭಕ್ಕೆ ಯಜಮಾನರೂ ಬಂದರು. ಬಗ್ಗಣ್ಣ ಸ್ವಿಚ್ಚು ಒತ್ತಿ, ಮೊದಲ ಪೈಪಾಗಿ ಆ ಹಿಡಿಕೆಯನ್ನೇ ಅಚ್ಚಿಗೆ ಕೊಟ್ಟ. ಇಪ್ಪತ್ತಾರು ವರ್ಷ ಅವನನ್ನು ಬಗ್ಗಿಸಿದ್ದು ಎರಡೇ ನಿಮಿಷದಲ್ಲಿ ಎರಡು ಕಡೆ ಬಗ್ಗಿ ಎರಡು ಕಾಲಾಯಿತು. ಉಳಿದೆರಡು ಕಾಲಿಗೆ ತುಂಡು ಪೈಪು, ಮೇಲೊಂದು ತಗಡು. ವೆಲ್ಡರ್ ಅಲ್ಲೇ ಬೆಸೆದು ಸ್ಟೂಲು ಮಾಡಿದ. ಬಗ್ಗಣ್ಣ ಅದರ ಮೇಲೆ ಕೂತು, ಎಡಗೈಯ ಎರಡು ಬೆರಳಲ್ಲಿ ಲಿವರ್ ತಳ್ಳಿದ.

"ಬಗ್ಗಣ್ಣ ಹೋದ, ಕೂತಣ್ಣ ಬಂದ," ಎಂದು ಹಿಂದಿನಿಂದ ಯಾರೋ ಕೂಗಿದರು. ಅವತ್ತು ಸಂಜೆಯೊಳಗೆ ಎಪ್ಪತ್ತೆರಡು ಕುರ್ಚಿಯ ಪೈಪು ರಾಶಿಬಿತ್ತು.

ಗುಮಾಸ್ತನಿಗೆ ಒಂದು ಚಾಳಿ. ಏನೇ ನೋಟಿಸ್ ಬರೆದರೂ ಅದರ ಒಂದು ಪ್ರತಿಯನ್ನು ವಿಮಾ ಕಂಪನಿಗೆ ಕಳಿಸುವುದು. ನಲ್ಲಿ ಸೋರಿದರೂ ಕಳಿಸುತ್ತಿದ್ದ, ಕಂಪನಿ ಓದುತ್ತಿರಲಿಲ್ಲ. ಇದನ್ನು ಓದಿತು. ನಾಲ್ಕನೇ ದಿನ ವಿಮೆಯವನೊಬ್ಬ ಫಾರಂ ಹಿಡಿದು ಬಂದು ಯಂತ್ರದ ಸುತ್ತ ಒಂದು ಸುತ್ತು ಹಾಕಿದ.

"ಚೆನ್ನಾಗಿದೆ. ಯಾರು ನಡ್ಸೋದು?"

"ನಾನೇ," ಎಂದು ಬಗ್ಗಣ್ಣ ಸ್ಟೂಲಿನಿಂದ ಎದ್ದ.

"ಮೋಟಾರ್ ಯಂತ್ರಕ್ಕೆ ಆಪರೇಟರ್ ಚೀಟಿ ಬೇಕು. ಇದ್ಯಾ?"

"ಇಲ್ಲ. ತಗೋತೀನಿ."

"ವಯಸ್ಸು?"

"ಐವತ್ತೆರಡು."

"ನಲವತ್ತೈದು ದಾಟಿದ್ರೆ ಕೊಡಲ್ಲ."

"ಸಾರ್, ಇದನ್ನ ಮಾಡಿದ್ದೇ ನಾನು."

"ಮಾಡೋಕೆ ಚೀಟಿ ಬೇಡ. ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ." ವಿಮೆಯವನು ಒಳ್ಳೆಯವನೇ, ಒಂದು ದಾರಿಯನ್ನೂ ತೋರಿಸಿದ. "ಕೈಯಲ್ಲಿ ನಡ್ಸಿದ್ರೆ ಚೀಟಿ ಬೇಕಿಲ್ಲ. ಹಳೇ ಹಿಡಿಕೆ ಹಾಕ್ಕೊಂಡ್ಬಿಡಿ. ಎಲ್ಲಿದೆ ಅದು?"

ಎಲ್ಲರೂ ಸ್ಟೂಲಿನ ಕಾಲು ನೋಡಿದರು.

"ಹಿಡಿಕೆ ಹೊಸದು ಮಾಡ್ಬೋದು," ಎಂದ ಬಗ್ಗಣ್ಣ. "ಭುಜ ಯಾರು ಮಾಡ್ಕೊಡ್ತಾರೆ?"

ಯಜಮಾನರು ಚೀಟಿ ಇರುವವರು ಯಾರಾದರೂ ಇದ್ದಾರಾ ಎಂದು ಕೇಳಿದರು. ವೆಲ್ಡರ್ ನೆಲ ನೋಡುತ್ತಿದ್ದ. ವೆಲ್ಡಿಂಗ್ ಕಲಿಯುವಾಗ ಅವನಿಗೆ ಆ ಚೀಟಿಯೂ ಸಿಕ್ಕಿತ್ತು. ಗುಮಾಸ್ತನ ಕಡತದಲ್ಲಿ ಅದರ ನಕಲು ಭದ್ರವಾಗಿತ್ತು. ಅವನಿಗೆ ಮೂವತ್ತೆಂಟು.

"ನೀನು ಸದ್ಯ ಪ್ಯಾಕಿಂಗ್‌ಗೆ ಹೋಗು," ಎಂದರು ಯಜಮಾನರು ಬಗ್ಗಣ್ಣನಿಗೆ. "ಮುಂದಿನ ತಿಂಗಳು ನೋಡೋಣ."

"ನಾನೇನ್ ಮಾಡ್ಲಿ ಅಣ್ಣ," ಎಂದ ವೆಲ್ಡರ್, ಎಲ್ಲರೂ ಹೋದ ಮೇಲೆ.

ಬಗ್ಗಣ್ಣ ಎಣ್ಣೆಬಟ್ಟೆ ತೆಗೆದುಕೊಂಡು ಯಂತ್ರವನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿದ. ಡಿಗ್ರಿ ಬಳೆಯನ್ನು ಎರಡು ಸಲ ಒರೆಸಿದ.

ಮರುದಿನ ಬೆಳಿಗ್ಗೆ ಪ್ಯಾಕಿಂಗ್ ಮೂಲೆಯಲ್ಲಿ ಅವನು ಕುರ್ಚಿ ಕಾಲುಗಳಿಗೆ ಎಡಗೈಯಲ್ಲಿ ಕಾಗದ ಸುತ್ತುತ್ತಿದ್ದ. ಪಂಪು ಗುರ್ ಎನ್ನುವುದು, ನಿಲ್ಲುವುದು, ಪೈಪು ಠಣ್ಣೆಂದು ಗುಜರಿ ರಾಶಿಗೆ ಬೀಳುವುದು ಕೇಳುತ್ತಿತ್ತು. ಒಂಬತ್ತನೆಯ ಠಣ್ಣಿಗೆ ವೆಲ್ಡರ್ ಬಂದು ನಿಂತ.

"ಅಣ್ಣ, ಬಗ್ಗಿಸಿದ್ದೆಲ್ಲಾ ಬಾಯಿ ಬಿಡ್ತಿವೆ. ಗೀಟು ಎಷ್ಟರ ಹತ್ರ ಇತ್ತು?"

ಬಗ್ಗಣ್ಣ ಕಾಗದದ ತುದಿಯನ್ನು ಒಳಕ್ಕೆ ಮಡಚಿ, ದಾರ ಬಿಗಿದ.

"ಚೀಟೀಲಿ ನೋಡು. ಬರ್ದಿರ್ತಾರೆ."

ವೆಲ್ಡರ್ ವಾಪಸು ಹೋದ. ಪಂಪು ಮತ್ತೆ ಗುರ್ ಎಂದಿತು. ಅವನು ನಿಂತೇ ಲಿವರ್ ತಳ್ಳುತ್ತಿದ್ದ. ಪಕ್ಕದ ಸ್ಟೂಲಿನ ಮೇಲೆ ಯಾರೂ ಕೂತಿರಲಿಲ್ಲ. ಅದರ ಮೇಲೊಂದು ಟೀ ಲೋಟ ಪಂಪಿನ ಅದುರಾಟಕ್ಕೆ ಸಣ್ಣಗೆ ನಡುಗುತ್ತ, ಒಂದೊಂದೇ ಕೂದಲೆಳೆಯಷ್ಟು ಅಂಚಿನತ್ತ ಸರಿಯುತ್ತಿತ್ತು.