ಬೈಟು ಆದ ಮೇಜು

ನಾನು ಒಂದು ಮೇಜು. ಹುಟ್ಟಿದ್ದು ರಾಜಸ್ಥಾನದ ಒಂದು ಗಣಿಯಲ್ಲಿ, ಅಮೃತಶಿಲೆಯಾಗಿ. ಬೆಂಗಳೂರಿನ ಯಾವುದೋ ಬ್ಯಾಂಕಿನ ನೆಲವಾಗಬೇಕೆಂದು ರೈಲು ಹತ್ತಿದೆ. ಇಳಿಸುವಾಗ ಒಂದು ಮೂಲೆ ಮುಕ್ಕಾಯಿತು, ಬ್ಯಾಂಕಿನವರು ಬೇಡವೆಂದರು. ಕಲ್ಲಿನಂಗಡಿಯ ಗೋಡೆಗೆ ಒರಗಿ ಎರಡು ಮಳೆಗಾಲ ಕಳೆದ ಮೇಲೆ, ಬಳೇಪೇಟೆಯಲ್ಲಿ ಹೋಟೆಲು ತೆರೆಯಲು ಹೊರಟಿದ್ದ ವಾಸುದೇವ ಹೊಳ್ಳರು ನನ್ನನ್ನು ಕಂಡರು. "ಮೂಲೆ ಮುಕ್ಕಾದ್ರೆ ಎಂತ? ಇಡ್ಲಿ ಮೂಲೆಯಲ್ಲಿ ಕೂತ್ಕೊಳ್ಳುದಿಲ್ಲ" ಎಂದರು. ಬೀಡುಕಬ್ಬಿಣದ ನಾಲ್ಕು ಕಾಲು ಕೂಡಿಸಿದರು. ಹೀಗೆ ನಾನು ಮೇಜಾದೆ. ಮನುಷ್ಯರ ಗದ್ದದ ಅಡಿಭಾಗ, ಮೂಗಿನ ಒಳಭಾಗ, ಹೊಟ್ಟೆಯ ಹತ್ತಿರ ಕಿತ್ತುಹೋದ ಗುಂಡಿ, ಇವುಗಳ ಪರಿಚಯವಾಯಿತು. ಕನ್ನಡಿಗೆ ತೋರಿಸುವ ಮುಖ ಒಂದು, ಇಡ್ಲಿಯ ಮೇಲೆ ಬಾಗಿಸುವ ಮುಖ ಇನ್ನೊಂದು. ನನಗೆ ಗೊತ್ತಿರುವುದು ಎರಡನೆಯದು.

ಹೋಟೆಲು ತೆರೆದ ಕೆಲವು ವರ್ಷಕ್ಕೆ ಪದ್ಮನಾಭ ಅಡಿಗ ಬಂದ. ಇಪ್ಪತ್ತೆರಡು ವರ್ಷದವನು, ಕುಂದಾಪುರದ ಕಡೆಯವನು. ಅಣ್ಣನೊಂದಿಗೆ ಜಗಳವಾಡಿ, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಬಂದಿದ್ದ. ಅಣ್ಣ ಆ ಮಾತನ್ನು ಅವನಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡ. ಹೊಳ್ಳರು ಅವನಿಗೆ ಸಪ್ಲಯರ್ ಕೆಲಸ ಕೊಟ್ಟರು, ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಮಲಗಲು ಜಾಗ ಕೊಟ್ಟರು. ಒಂದು ತಗಡಿನ ಟ್ರಂಕು, ಒಂದು ಚಾಪೆ, ಅಲ್ಲಿಗೆ ಸಂಸಾರ ಮುಗಿಯಿತು. ಮದುವೆಯ ಮಾತು ಒಂದೆರಡು ಸಲ ಬಂದು, ಅಟ್ಟದ ಎತ್ತರ ನೋಡಿ ಹಿಂದಕ್ಕೆ ಹೋಯಿತು. "ನಿನ್ನ ಜೀವ ಇರುವವರೆಗೆ ಆ ಅಟ್ಟ ನಿಂದೇ" ಎಂದು ಹೊಳ್ಳರು ನನ್ನ ಮೇಲೆ ಮೊಣಕೈ ಊರಿಕೊಂಡೇ ಹೇಳಿದರು. ಕೇಳಿಸಿಕೊಂಡವರು ಪದ್ಮನಾಭ ಮತ್ತು ನಾನು. ಇಬ್ಬರಲ್ಲಿ ಯಾರ ಸಾಕ್ಷಿಯೂ ಕೋರ್ಟಿನಲ್ಲಿ ನಡೆಯುವಂಥದಲ್ಲ.

ಅವನ ಕೈಯ ವಿಶೇಷ ಬೈಟು. ಒಂದು ಕಾಫಿ, ಇಬ್ಬರು ಗಿರಾಕಿ, ಎರಡು ಗಾಜಿನ ಲೋಟ. ಬೇರೆಯವರು ಸುರಿದರೆ ಅರ್ಧ ಅರ್ಧ ಬರುತ್ತಿತ್ತು. ಪದ್ಮನಾಭ ಸುರಿದರೆ ಎರಡೂ ಲೋಟ ಮುಕ್ಕಾಲು ತುಂಬುತ್ತಿತ್ತು. ಗಣಿತದಲ್ಲಿ ಇದಕ್ಕೆ ಅವಕಾಶವಿಲ್ಲ. ಹೊಳ್ಳರ ಅಡುಗೆಮನೆಯಲ್ಲಿತ್ತು. ಅವನು ಸುರಿಯುವಾಗ ಹೊಳ್ಳರು ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿಯನ್ನು ಭಕ್ತಿಯಿಂದ ನೋಡುತ್ತಿದ್ದರು.

ಮೃದಂಗ, ತಬಲಗಳಿಗೆ ಚರ್ಮ ಬಿಗಿಯುವ ಅಂಗಡಿ ಪಕ್ಕದ ಓಣಿಯಲ್ಲಿತ್ತು. ಅದರ ಮುನಿಚೌಡಪ್ಪನೂ ಅವನ ಅಣ್ಣನೂ ದಿನಾ ಹತ್ತೂವರೆಗೆ ಬಂದು ನನ್ನ ಎರಡು ಬದಿಗೆ ಕುಳಿತು ಒಂದು ಬೈಟು ಕುಡಿಯುತ್ತಿದ್ದರು. ಅಣ್ಣ ತೀರಿಕೊಂಡ. ಹದಿನಾಲ್ಕನೆಯ ದಿನ ಮುನಿಚೌಡಪ್ಪ ಒಬ್ಬನೇ ಬಂದು ಕುಳಿತ, ನನ್ನ ಮುಕ್ಕು ಮೂಲೆಯನ್ನು ಉಗುರಿನಿಂದ ಕೆರೆಯುತ್ತಿದ್ದ. ಏನು ಬೇಕೆಂದು ಪದ್ಮನಾಭ ಕೇಳಲಿಲ್ಲ. ಬೈಟು ತಂದಿಟ್ಟು, ಎದುರಿನ ಲೋಟ ತಾನೇ ಎತ್ತಿಕೊಂಡು ನಿಂತಲ್ಲೇ ಕುಡಿದ. ಆಮೇಲೆ ಹತ್ತೊಂಬತ್ತು ವರ್ಷ ಹಾಗೇ ನಡೆಯಿತು.

ಹೊಳ್ಳರು ಹೋದರು. ಮಗನಿಗೆ ಹೋಟೆಲೆಂದರೆ ಆಗುತ್ತಿರಲಿಲ್ಲ. ಹೀಗಾಗಿ ಅದು ಮೊಮ್ಮಗ ನಿಶಾಂತನ ಕೈಗೆ ಬಂತು. ಮೊದಲ ಹಲ್ಲು ಬಂದಾಗ ಈ ನಿಶಾಂತನನ್ನು ನನ್ನ ಮೇಲೆ ಕೂರಿಸಿ, ಇಡ್ಲಿಯನ್ನು ಹಾಲಿನಲ್ಲಿ ಕಿವುಚಿ ತಿನ್ನಿಸಿದವನು ಪದ್ಮನಾಭ. ಹುಡುಗ ನನ್ನ ಮೇಲೆ ಒಂದು ಸಲ ಉಚ್ಚೆಯನ್ನೂ ಹೊಯ್ದಿದ್ದ. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಅವನ ಮುಂದಿನ ಕೆಲಸಗಳ ಜೊತೆ ಹೋಲಿಸಿದರೆ ಅದು ಶುಭ್ರವಾದದ್ದು.

ನಿಶಾಂತ ಒಳಾಂಗಣ ವಿನ್ಯಾಸದ ಶರ್ವಾಣಿಯನ್ನು ಕರೆತಂದ. ಬಿಳಿ ಅಂಗಿ, ದಪ್ಪ ಚೌಕಟ್ಟಿನ ಕನ್ನಡಕ, ಮೆಲುದನಿ. ಹೋಟೆಲುಗಳನ್ನು ಅವುಗಳ ಬ್ರಾಂಡಿಗೆ ತಕ್ಕಂತೆ ಬದಲಾಯಿಸುವುದು ಆಕೆಯ ಕಸುಬು. ಬಂದವಳು ಗೋಡೆ ಅಳೆಯಲಿಲ್ಲ. ಪದ್ಮನಾಭನನ್ನು ನನ್ನ ಎದುರು ಕೂರಿಸಿ, ನಿಮ್ಮ ಕಥೆ ಹೇಳಿ ಅಂಕಲ್ ಎಂದಳು. ನಲವತ್ತು ವರ್ಷದಲ್ಲಿ ಅವನು ನನ್ನ ಮುಂದೆ ಕುರ್ಚಿಯಲ್ಲಿ ಕುಳಿತದ್ದು ಅದೇ ಮೊದಲು. ಒಂದು ಇಡೀ ದಿನ ಹೇಳಿದ. ಅಣ್ಣನ ಜಗಳ, ಟ್ರಂಕು, ಹೊಳ್ಳರ ಕ್ಯಾಲೆಂಡರು, ಮುನಿಚೌಡಪ್ಪನ ಬೈಟು. ಅವಳು ಎಲ್ಲವನ್ನೂ ಬರೆದುಕೊಂಡಳು, ಎರಡು ಸಲ ಕಣ್ಣು ಒರೆಸಿಕೊಂಡಳು. ಕೊನೆಗೆ ಅವನು ತನಗೆ ಬೇಕಾದ ಒಂದೇ ಸಂಗತಿ ಕೇಳಿದ.

"ಎಂತ ಬೇಕಾದ್ರೂ ಮಾಡಿ ಮೇಡಂ. ಅಟ್ಟ ಮಾತ್ರ ಇರ್ಲಿ. ನಂಗೆ ಬೇರೆ ಕಡೆ ಇಲ್ಲ."

"ಅಂಕಲ್, ನೀವೇ ಬ್ರಾಂಡು. ನಿಮ್ಮ ಅಟ್ಟಾನ ಮುಟ್ಟೋಕಾಗತ್ತಾ? ಅದೇ ನಮ್ಮ ಹೈಲೈಟ್" ಎಂದಳು ಶರ್ವಾಣಿ.

ಅವನು ಎದ್ದು, ಕುಳಿತ ಕುರ್ಚಿಯನ್ನು ಬಟ್ಟೆಯಿಂದ ಒರೆಸಿಟ್ಟ.

ಮೂರು ತಿಂಗಳು ಬಾಗಿಲು ಮುಚ್ಚಿತು. ಮೊದಲು ಗೋಡೆಗಳ ಹೊಗೆಯ ಕರಿಯನ್ನು ಯಂತ್ರ ಹಚ್ಚಿ ತೊಳೆದರು. ಆಮೇಲೆ ಹೊರಗಿನಿಂದ ಒಬ್ಬ ಬಣ್ಣಗಾರ ಬಂದು, ಹೊಗೆ ಹಿಡಿದಂತೆ ಕಾಣುವ ಕರಿಯನ್ನು ಕುಂಚದಿಂದ ಬಳಿದ. ಹಳೆಯ ಕರಿ ಅಸಲಿಯಾಗಿತ್ತು, ಆದರೆ ಎಲ್ಲಿ ಬೇಕೋ ಅಲ್ಲಿರಲಿಲ್ಲವಂತೆ. ನನ್ನ ಜೊತೆಯ ಇಪ್ಪತ್ತೊಂದು ಮೇಜುಗಳು ಗುಜರಿಗೆ ಹೋದವು. ನನ್ನನ್ನು ಮಾತ್ರ ಉಳಿಸಿಕೊಂಡರು, ಹಿರಿಯ ಎಂದು. ನಾನು ಹೆಮ್ಮೆ ಪಟ್ಟೆ. ಕಲ್ಲಿಗೂ ಬುದ್ಧಿ ಬರುವುದು ತಡ.

ಹೊಸ ಹೆಸರು "ಬೈ ಟೂ" ಎಂದಾಗಿತ್ತು. ಬ್ರಾಂಡು ಕಣ್ಣಿಗೆ ಕಾಣಬೇಕಲ್ಲ, ಆದ್ದರಿಂದ ನನ್ನನ್ನು ನೆಲದ ಮೇಲೆ ಮಲಗಿಸಿ ಕಲ್ಲು ಕೊಯ್ಯುವ ಯಂತ್ರದಲ್ಲಿ ನಡುವೆ ಸೀಳಿದರು. ನೋವಿನ ಬಗ್ಗೆ ಬರೆಯುವುದಿಲ್ಲ, ಯಂತ್ರದ ಸದ್ದಿನಲ್ಲಿ ನನಗೇ ನನ್ನದು ಕೇಳಿಸಲಿಲ್ಲ. ಒಂದು ತುಂಡನ್ನು ಎಡಗೋಡೆಗೂ ಇನ್ನೊಂದನ್ನು ಬಲಗೋಡೆಗೂ ಅಂಟಿಸಿದರು. ನಾನು ಉಳಿದದ್ದು ಎಡದ ತುಂಡಿನಲ್ಲಿ. ನನ್ನ ಮೇಲೆ ಹಿತ್ತಾಳೆಯ ಅಕ್ಷರದಲ್ಲಿ "ಬೈ", ಎದುರಿನ ಅರ್ಧದ ಮೇಲೆ "ಟೂ". ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆಸಿದ್ದು. ಬಳೇಪೇಟೆಯವರು ಕನ್ನಡದಲ್ಲೇ ಓದಿದರು. ಎಡಕ್ಕೆ ನೋಡಿದರೆ ಬೈ ಎಂಬ ಆಜ್ಞೆ, ಬಲಕ್ಕೆ ನೋಡಿದರೆ ಮಕ್ಕಳು ಜಗಳವಾಡಿ ಸ್ನೇಹ ಮುರಿದುಕೊಳ್ಳುವ ಟೂ. ಬಳೆ ಅಂಗಡಿಯ ಹೆಂಗಸೊಬ್ಬಳು, ನಮ್ಮ ಅತ್ತೆ ಮನೆಗೆ ಸರಿಯಾದ ಬೋರ್ಡು ಎಂದಳು.

ಅಟ್ಟವನ್ನು ನಿಜಕ್ಕೂ ಕೆಡವಲಿಲ್ಲ. ಗಾಜಿನ ಕಟಕಟೆ ಹಾಕಿ, ಮೆತ್ತೆ ಹಾಸಿ, ಜೋಡಿಗಳು ಕೂರುವ ಜಾಗ ಮಾಡಿದರು. ಪದ್ಮನಾಭನ ಟ್ರಂಕಿನಿಂದ ಅವನ ಬಟ್ಟೆ ತೆಗೆದು, ಒಳಗೊಂದು ಹಳದಿ ದೀಪ ಇಟ್ಟರು. ಚಾಪೆಯನ್ನು ಸುತ್ತಿ ಗೋಡೆಗೆ ನೇತುಹಾಕಿದರು. ಸದ್ಯಕ್ಕೆ ಹಿಂದಿನ ಸಿಲಿಂಡರ್ ಶೆಡ್ಡಿನಲ್ಲಿ ಮಲಗಿ ಎಂದು ನಿಶಾಂತ ಅವನಿಗೆ ಹೇಳಿದ. ಸದ್ಯ ಎಂಬುದು ಎಲ್ಲಿಯವರೆಗೆ ಎಂದು ಇವನು ಕೇಳಲಿಲ್ಲ.

ಅವನಿಗೆ ಹೊಸ ಹೆಸರೂ ಬಂತು: ಪದ್ದಣ್ಣ. ಹೊಳ್ಳರು ಪದ್ಮನಾಭ ಎನ್ನುತ್ತಿದ್ದರು, ಗಿರಾಕಿಗಳು ಭಟ್ರೇ ಎನ್ನುತ್ತಿದ್ದರು, ನಿಶಾಂತ ಚಿಕ್ಕವನಿದ್ದಾಗ ಪದ್ದು ಮಾಮ ಎನ್ನುತ್ತಿದ್ದ. ಪದ್ದಣ್ಣ ಎಂದು ಯಾರೂ ಕರೆದಿರಲಿಲ್ಲ. ಈಗ ಲೋಟದ ಮೇಲೆ, ಕಾಗದದ ಚೀಲದ ಮೇಲೆ ಪದ್ದಣ್ಣನ ಮೀಸೆಯ ಚಿತ್ರ. ಅವನಿಗೆ ಮೀಸೆ ಇರಲಿಲ್ಲ, ಬೆಳೆಸಿಕೊಳ್ಳಲು ಹೇಳಿದರು. ಸಪ್ಲೈ ಕೆಲಸ ಬಿಡಿಸಿ, ನನ್ನ ಕೆಳಗೆ ಒಂದು ಪೀಠದ ಮೇಲೆ ನಿಲ್ಲಿಸಿದರು. ಹಿತ್ತಾಳೆಯ ಎರಡು ಪಾತ್ರೆ ಹಿಡಿದು, ಗಜದೆತ್ತರದಿಂದ ಕಾಫಿ ಸುರಿಯುವುದು, ಜನ ಫೋನಿನಲ್ಲಿ ಅದರ ಚಿತ್ರ ತೆಗೆದುಕೊಳ್ಳುವುದು. ಬಿಸಿ ಕಾಫಿ ಸಿಡಿದೀತೆಂದು ಪಾತ್ರೆಯಲ್ಲಿ ಕಂದು ಬಣ್ಣ ಕಲಸಿದ ತಣ್ಣೀರು. ನೊರೆಗೆ ಒಂದು ತೊಟ್ಟು ಸೋಪು.

ಒಂದು ಬೆಳಿಗ್ಗೆ ಹತ್ತೂವರೆಗೆ ಮುನಿಚೌಡಪ್ಪ ಬಂದ. ನನ್ನನ್ನು ಗೋಡೆಯ ಮೇಲೆ ಕಂಡು ಗುರುತು ಹಿಡಿದ, ತಲೆ ಅಲ್ಲಾಡಿಸಿದ. ಟೋಪಿ ಹಾಕಿದ ಹುಡುಗಿಯ ಬಳಿ ಒಂದು ಬೈಟು ಕೇಳಿದ. ಬೈಟು ಇಲ್ಲ ಸರ್, ಒಬ್ಬರಿಗೆ ಒಂದು, ಹಂಚಿಕೊಳ್ಳೋ ಹಾಗಿಲ್ಲ ಎಂದಳು. ಆಕೆಯ ಎದೆಯ ಮೇಲೂ "ಬೈ ಟೂ" ಎಂದು ಬರೆದಿತ್ತು. ಮುದುಕ ಅದನ್ನು ಓದಿ, ಬೋರ್ಡಲ್ಲಿರೋದು ಅಂಗಡೀಲಿ ಇಲ್ವಾ ಎಂದ. ಅದು ಹೆಸರು ಸರ್ ಎಂದಳು.

ಪದ್ಮನಾಭ ಪೀಠದಿಂದ ಇಳಿದ. ಕೈಯಲ್ಲಿದ್ದದ್ದು ಅದೇ ಪಾತ್ರೆ. ಎರಡು ಲೋಟ ಇಟ್ಟ, ಸುರಿದ. ಎರಡೂ ಮುಕ್ಕಾಲು ತುಂಬಿದವು. ನಲವತ್ತು ವರ್ಷದ ಕೈಗೆ ಪಾತ್ರೆಯಲ್ಲಿರುವುದು ಏನೆಂದು ನೆನಪಾಗಲಿಲ್ಲವೋ, ನೆನಪಿದ್ದೂ ಬೇರೆ ದಾರಿ ಕಾಣಲಿಲ್ಲವೋ, ಮೇಲಿನಿಂದ ನನಗೆ ತಿಳಿಯಲಿಲ್ಲ. ಗೋಡೆಗೆ ಏರಿದ ಮೇಲೆ ನನಗೆ ಕಾಣುತ್ತಿದ್ದದ್ದು ಅವನ ನೆತ್ತಿಯಷ್ಟೇ.

ಮುನಿಚೌಡಪ್ಪ ಒಂದು ಗುಟುಕು ಕುಡಿದ. ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದ. ಉಳಿದದ್ದನ್ನೂ ಕುಡಿದ.

"ಸಕ್ಕರೆ ಕಮ್ಮಿ ಆಯ್ತು ಕಣ್ ಭಟ್ರೇ" ಎಂದ.

"ನೀವು ಕುಡೀಬಾರ್ದಿತ್ತು" ಎಂದ ಪದ್ಮನಾಭ.

"ನೀವು ಸುರದ್ರಲ್ಲ" ಎಂದ ಮುನಿಚೌಡಪ್ಪ.

ಪದ್ಮನಾಭ ತನ್ನ ಲೋಟ ಎತ್ತಿ, ನಿಂತಲ್ಲೇ ಕುಡಿದ.

ಪಕ್ಕದ ಮೇಜಿನವರು ಇದನ್ನೆಲ್ಲ ಚಿತ್ರೀಕರಿಸಿಕೊಂಡಿದ್ದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು: ಬಳೇಪೇಟೆಯ ಹೋಟೆಲಿನಲ್ಲಿ ಮುದುಕನಿಗೆ ಸೋಪಿನ ನೀರು ಕುಡಿಸಿದರು. ಅದನ್ನು ತಯಾರಿಸಿ ಇಡಲು ಹೇಳಿದವರು ಯಾರೆಂದು ಯಾರೂ ಕೇಳಲಿಲ್ಲ. ಮರುದಿನ ನಿಶಾಂತ ಪದ್ಮನಾಭನನ್ನು ನನ್ನ ಕೆಳಗೇ ನಿಲ್ಲಿಸಿಕೊಂಡ. ತಲೆಯ ಮೇಲೆ ಹಿತ್ತಾಳೆಯಲ್ಲಿ ಬರೆದಿದ್ದನ್ನು ಅವನು ಅಕ್ಷರಶಃ ಪಾಲಿಸುತ್ತಾನೆಂದು ಎಣಿಸಿದ್ದೆ. ಇಲ್ಲ, ಬಹಳ ಮರ್ಯಾದೆಯಿಂದ ಮಾತಾಡಿದ. ಬೈದಿದ್ದರೆ ವಾಸಿಯಿತ್ತು.

"ಪದ್ಮನಾಭ ಅವರೇ, ಬ್ರಾಂಡಿಗೆ ತುಂಬಾ ಪೆಟ್ಟು ಬಿದ್ದಿದೆ. ಇವತ್ತಿಂದ ನೀವು ರೆಸ್ಟ್ ತಗೊಳ್ಳಿ" ಎಂದ.

"ಶೆಡ್ಡಲ್ಲಿ ಮಲಗ್ಬಹುದಾ?"

"ಶೆಡ್ಡು ಸ್ಟಾಫಿಗೆ."

"ಹಾಗಾದ್ರೆ ನನ್ನ ಟ್ರಂಕು ಕೊಡಿ."

ಟ್ರಂಕು ಡಿಸ್‌ಪ್ಲೇಯಲ್ಲಿದೆ, ತೆಗೆದರೆ ಅಟ್ಟದ ಲುಕ್ ಹಾಳಾಗುತ್ತದೆ ಎಂದು ನಿಶಾಂತ ವಿವರಿಸಿದ. ಅವನ ಬಟ್ಟೆಗಳನ್ನು ಒಂದು ಹೊಸ ಚೀಲದಲ್ಲಿ ಹಾಕಿಸಿ ಕೊಟ್ಟ. ಚೀಲದ ಮೇಲೆ ಮೀಸೆಯ ಪದ್ದಣ್ಣ ನಗುತ್ತಿದ್ದ.

ವಾರದೊಳಗೆ ಪೀಠದ ಮೇಲೆ ಬೇರೆ ಪದ್ದಣ್ಣ ಬಂದ. ಹೆಸರು ಷಡಕ್ಷರಿ, ತುಮಕೂರಿನವನು, ಧಾರಾವಾಹಿಗಳಲ್ಲಿ ಪುರೋಹಿತನ ಪಾತ್ರ ಮಾಡುತ್ತಿದ್ದವನು. ಮೀಸೆ ಸ್ವಂತದ್ದು. ಶರ್ವಾಣಿ ಬರೆದುಕೊಟ್ಟ ಒಂದು ಪುಟದ ಮಾತನ್ನು ಬಂದವರಿಗೆಲ್ಲ ಒಪ್ಪಿಸುತ್ತಿದ್ದ.

ಎರಡು ತಿಂಗಳ ಮೇಲೆ ಪದ್ಮನಾಭ ಮತ್ತೆ ಬಂದ. ಟ್ರಂಕು ಕೇಳಲು ಬಂದಿದ್ದನೆಂದು ತೋರುತ್ತದೆ. ಅಂಗಿ ಮೈಯ ಮೇಲೇ ಒಗೆದು ಒಣಗಿಸಿದಂತಿತ್ತು. ಷಡಕ್ಷರಿಗೆ ಅವನ ಗುರುತಿರಲಿಲ್ಲ.

"ಬನ್ನಿ ಸರ್, ನಮ್ಮ ಚೀಲಾನೇ ಹಿಡ್ಕೊಂಡು ಬಂದಿದೀರಿ, ಖುಷಿಯಾಯ್ತು. ಊರಿಂದ ಬಂದ್ರಾ?"

"ಇಲ್ಲ. ಬಸ್ ಸ್ಟ್ಯಾಂಡಿಂದ."

ಷಡಕ್ಷರಿ ಪಾತ್ರೆ ಎತ್ತಿ ಶುರುಮಾಡಿದ. ನಾನು ಪದ್ದಣ್ಣ. ಅಣ್ಣನ ಜೊತೆ ಜಗಳ ಆಡಿ ಬರಿಗೈಲಿ ಬಂದೋನು. ನಲವತ್ತು ವರ್ಷ ಆ ಅಟ್ಟದ ಮೇಲೇ ಮಲಗಿದ್ದು, ಅಗೋ ಅದೇ ನನ್ನ ಟ್ರಂಕು. ಪದ್ಮನಾಭ ಪೂರ್ತಿ ಕೇಳಿಸಿಕೊಂಡ. ಒಂದೆರಡು ಕಡೆ ತಲೆಯಾಡಿಸಿದ.

"ಈಗ ಎಲ್ಲಿ ಮಲಗ್ತೀರಿ?" ಎಂದು ಕೇಳಿದ.

ಈ ಪ್ರಶ್ನೆಗೆ ಆ ಪುಟದಲ್ಲಿ ಉತ್ತರ ಇರಲಿಲ್ಲ. ಷಡಕ್ಷರಿ ದನಿ ತಗ್ಗಿಸಿ ತನ್ನದನ್ನೇ ಹೇಳಿದ: "ಹೆಗ್ಗನಹಳ್ಳೀಲಿ ಒಂದು ರೂಮು ಸರ್. ಮೂರು ಜನ ಇದೀವಿ."

"ಒಳ್ಳೇದಾಯ್ತು. ಜಾಗ ಬಿಡ್ಬೇಡಿ" ಎಂದು ಪದ್ಮನಾಭ ಹೊರಟ. ಟ್ರಂಕಿನ ಮಾತೆತ್ತಲಿಲ್ಲ. ಅಲ್ಲಿಂದಾಚೆಗೆ ಅವನನ್ನು ನಾನು ನೋಡಿಲ್ಲ.

ಎರಡು ವರ್ಷಕ್ಕೆ ಜನಕ್ಕೆ "ಬೈ ಟೂ" ಸಾಕಾಯಿತು. ನಿಶಾಂತ ಮತ್ತೆ ಶರ್ವಾಣಿಯನ್ನೇ ಕರೆಸಿದ. ಈ ಸಲ ಎಲ್ಲ ಬಿಳಿ, ಎಲ್ಲ ಖಾಲಿ. ನನ್ನನ್ನು ಗೋಡೆಯಿಂದ ಕಿತ್ತರು. ನನ್ನ ಇನ್ನೊಂದು ಅರ್ಧ ಕೀಳುವಾಗ ಪುಡಿಯಾಯಿತು. ಈಗ ನಾನು ಮಾಗಡಿ ರಸ್ತೆಯಲ್ಲಿರುವ ಶರ್ವಾಣಿಯ ಗೋದಾಮಿನಲ್ಲಿ, ಹಳೆಯ ಕಂಬ, ಕಿಟಕಿ, ದೇವರ ಮಂಟಪಗಳ ನಡುವೆ ಒರಗಿದ್ದೇನೆ. ಪ್ರತಿಯೊಂದಕ್ಕೂ ಒಂದು ಚೀಟಿ. ಇಲ್ಲಿ ಕುಳಿತು ಒಂದು ಸಂಗತಿ ಕಂಡುಕೊಂಡಿದ್ದೇನೆ. ಕೇಳಿಸಿಕೊಳ್ಳದವರು ಮನುಷ್ಯನಿಗೆ ಅಷ್ಟು ಕೇಡು ಮಾಡಲಾರರು, ಅವರಿಗೆ ಯಾವುದು ಎಲ್ಲಿದೆಯೆಂದು ತಿಳಿದಿರುವುದಿಲ್ಲ. ಗಮನವಿಟ್ಟು ಕೇಳಿಸಿಕೊಂಡವರು ಬಂದು ಸರಿಯಾದ ಜಾಗಕ್ಕೇ ಕೈ ಹಾಕುತ್ತಾರೆ.

ಮೊನ್ನೆ ರೆಸಾರ್ಟ್ ಕಟ್ಟಿಸುತ್ತಿರುವ ಗಂಡಹೆಂಡತಿ ಬಂದಿದ್ದರು. ಶರ್ವಾಣಿ ನನ್ನ ಮೇಲಿನ ಧೂಳು ಒರೆಸಿ, ಇದಕ್ಕೊಂದು ಕಥೆಯಿದೆ ಎಂದು ಎಲ್ಲವನ್ನೂ ಹೇಳಿದಳು. ಚೆನ್ನಾಗಿಯೇ ಹೇಳಿದಳು, ಮುಕ್ಕಾಲು ಲೋಟವನ್ನೂ ಬಿಡಲಿಲ್ಲ. ಆ ಹೆಂಗಸಿನ ಕಣ್ಣು ತುಂಬಿತು.

"ಪಾಪ, ಆ ಅಜ್ಜ ಈಗ ಎಲ್ಲಿದಾರೆ?"

"ಊರಲ್ಲಿ ಮೇಡಂ. ಕುಂದಾಪುರದ ಹತ್ರ ದೊಡ್ಡ ಮನೆ. ಅಣ್ಣನ ಜೊತೆ ಆರಾಮಾಗಿದಾರೆ."

ಹೇಳುವಾಗ ಅವಳ ದನಿ ಒಂದಿಷ್ಟೂ ಅಲುಗಲಿಲ್ಲ. ಹೆಂಗಸು ನಿಟ್ಟುಸಿರುಬಿಟ್ಟು ನನ್ನ ಮೇಲೆ ಅಂಗೈ ಇಟ್ಟಳು. ಬಹಳ ದಿನದ ಮೇಲೆ ತಾಗಿದ ಬೆಚ್ಚನೆಯ ಕೈ.

"ಹಾಗಾದ್ರೆ ಇದು ನಮಗಿರ್ಲಿ. ಕಥೆ ದುಃಖದ್ದಾಗಿದ್ರೆ ತಗೊಂಡು ಹೋಗೋಕೆ ಮನಸ್ಸು ಬರ್ತಿರ್ಲಿಲ್ಲ" ಎಂದಳು.

ಸೋಮವಾರ ಲಾರಿ ಬರುತ್ತದಂತೆ.